ಕಡಲತಳದ ಹೆಣಿಗೆ

ಸ್ಕೇರ್ವೀಕ್ ಶಾಲೆಯಲ್ಲಿ ಹೆಣಿಗೆ ಕಲಿಸುವವಳು ನಾನು, ಸಾಲ್ವೋರ್. ಗಂಡಾಗಲಿ ಹೆಣ್ಣಾಗಲಿ, ಒಂದು ಜೊತೆ ಕೈಗವಸು ಹೆಣೆಯದೆ ನನ್ನ ಕೈಯಿಂದ ಪಾರಾದ ಮಗು ಈ ಊರಲ್ಲಿಲ್ಲ. ಪಕ್ಕದ ಕೋಣೆಯಲ್ಲಿ ಕೋಲ್ಬೇನ್ ಭೂಮಿಯ ಪಾಠ ಮಾಡುತ್ತಾನೆ. ನಮ್ಮಲ್ಲಿ ಮಕ್ಕಳೂ ಮೇಷ್ಟ್ರನ್ನು ಹೆಸರು ಹಿಡಿದೇ ಕರೆಯುತ್ತಾರೆ. ಅವನ ಸ್ವೆಟರಿನ ಮೊಣಕೈ ತೂತು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆದರೂ ಅಂಥ ಇನ್ನೊಬ್ಬ ಮೇಷ್ಟ್ರನ್ನು ನಾನು ಕಂಡಿಲ್ಲ.

ಆ ಶರತ್ಕಾಲದಲ್ಲಿ ಹತ್ತನೇ ತರಗತಿಗೆ ಹಲ್ಬೆರಾ ಎಂಬ ಹುಡುಗಿ ಸೇರಿದಳು. ಗುಡ್ಡದಾಚೆಯ ಅವಳ ಊರಿಗೆ ಲಾವಾ ನುಗ್ಗಿ ಮನೆ ಅದರಡಿ ಹೋಗಿತ್ತು. ಅಪ್ಪ ಅಮ್ಮ ರಾಜಧಾನಿಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದರು, ಅಲ್ಲಿಯವರೆಗೆ ಇವಳು ಇಲ್ಲಿ ಥೋರಾ ಅಜ್ಜಿಯ ಜೊತೆ.

ನಮ್ಮಿಬ್ಬರ ಕೋಣೆಯ ನಡುವಿನ ಗೋಡೆ ತೆಳು. ಕೋಲ್ಬೇನನ ಮೊದಲ ಪಾಠ ನನಗೂ ಕೇಳಿಸುತ್ತಿತ್ತು.

"ಕಡಲತಳ ಹುಟ್ತಾ ಇರೋದು ನಮ್ಮ ಕಾಲಡಿಯಲ್ಲೇ ಕಣ್ರೋ! ನಡುವೆ ಬಿರುಕು ಬಿಡತ್ತೆ, ಕರಗಿದ ಕಲ್ಲು ಮೇಲೆ ಬರತ್ತೆ, ಗಟ್ಟಿಯಾಗತ್ತೆ. ಮತ್ತೆ ಅಲ್ಲೇ ಬಿರಿಯತ್ತೆ. ಬೇರೆ ದೇಶದೋರು ಇದನ್ನ ನೋಡೋಕೆ ಸಮುದ್ರದ ತಳಕ್ಕೆ ಇಳೀಬೇಕು. ನಾವು ಬಸ್ ಹತ್ತಿದ್ರೆ ಸಾಕು!"

"ನಮಗೆ ಬಸ್ಸೂ ಬೇಕಾಗ್ಲಿಲ್ಲ," ಎಂದಿತು ಹೊಸ ದನಿ. "ಅಡುಗೆಮನೆಗೇ ಬಂತು. ನೀನು ಅದನ್ನ ಹುಟ್ಟೋದು ಅಂತೀಯ. ಅದು ನುಂಗೋದು, ಕೋಲ್ಬೇನ್."

ಮರುಕ್ಷಣ ಹಲ್ಬೆರಾ ಬರೀ ಕಾಲುಚೀಲದಲ್ಲಿ ನನ್ನ ಕೋಣೆಗೆ ಬಂದು ಮೂಲೆಯಲ್ಲಿ ಕೂತಳು. ನಾನೇನೂ ಕೇಳದೆ ಉಣ್ಣೆ, ಕಡ್ಡಿ ಕೊಟ್ಟೆ. ಕಲ್ಲಿನಂತೆ ಬಿಗಿಯಾಗಿ ಹೆಣೆದಳು.

ಆಮೇಲೆ ಆ ಪಾಠಕ್ಕೆ ಅವಳು ಹೋಗಲೇ ಇಲ್ಲ. ಅಂಕದ ಮಾತು ಬಿಡಿ. ಬಸ್ಸು ಗುಡ್ಡದ ದಾರಿ ಹಿಡಿದರೆ ಕಣ್ಣು ಮುಚ್ಚಿ ಕೂರುತ್ತಿದ್ದಳು, ಗಾಳಿಗೆ ಬಾಗಿಲು ಬಡಿದರೆ ಎದ್ದು ನಿಲ್ಲುತ್ತಿದ್ದಳು. ನಿಂತ ನೆಲವನ್ನೇ ನಂಬದ ಹುಡುಗಿ ಬದುಕುವುದೆಲ್ಲಿ? ಈ ದ್ವೀಪದಲ್ಲಿ ಬೇರೆ ಥರದ ನೆಲ ಇಲ್ಲ. ನನಗೆ ಅವಳ ಬಗ್ಗೆ ನಿಜವಾಗಿಯೂ ಭಯವಾಗಿತ್ತು.

ಒಂದು ಸಂಜೆ ಬಿಸಿನೀರಿನ ಕೊಳದಲ್ಲಿ ಕತ್ತಿನವರೆಗೆ ಮುಳುಗಿ ಕೂತಿದ್ದಾಗ ಕೋಲ್ಬೇನ್ ಪಕ್ಕಕ್ಕೆ ಬಂದ.

"ಸಾಲ್ವೋರ್, ಆ ಹುಡುಗಿ ಮುಂದೆ ನಾನು ಕುಣಿದಾಡ್ಬಾರ್ದಿತ್ತು."

"ಗೊತ್ತು. ಗೋಡೆಗೂ ಗೊತ್ತು."

"ಅವಳು ನನ್ನ ಪಾಠಕ್ಕೆ ಬರಲ್ಲ. ಪಾಠಾನೇ ನಿನ್ನ ಕೋಣೆಗೆ ತರ್ತೀನಿ. ನಂಗೂ ಸ್ವಲ್ಪ ಹೆಣಿಗೆ ಕಲ್ಸು."

"ನಿಂಗಾ? ಅದಕ್ಕಿಂತ ಕುರಿಗೇ ಕಲಿಸ್ತೀನಿ. ಬೇಗ ಕಲಿಯತ್ತೆ."

ಆದರೆ ಬಂದ. ಉದ್ದ ಮೇಜುಗಳ ಎರಡೂ ಬದಿ ಮಕ್ಕಳನ್ನು ಎದುರುಬದುರು ಕೂರಿಸಿದ. ಹಲ್ಬೆರಾಳ ಎದುರಿಗೆ ಓರ್ರಿ, ಬಾಯಿಯೂ ಹೆಣಿಗೆಯೂ ಎರಡೂ ಸಡಿಲವಾದ ಹುಡುಗ. ಜೋಡಿಯ ಕಡ್ಡಿಗಳು ಮೇಜಿನ ನಡುವೆ ತಾಗುವಂತಿರಬೇಕು, ಹೆಣೆದದ್ದು ಅವರವರ ಮಡಿಲ ಕಡೆಗೆ ಸರಿಯಬೇಕು. ಹೊಸ ಸಾಲು ಯಾವಾಗಲೂ ನಡುವೆ, ಹಳೆಯದು ದೂರ ದೂರಕ್ಕೆ. ಕೋಲ್ಬೇನ್ ತನ್ನ ತಾತನ ದೋಣಿಯ ಗಂಟೆ ಹೊಡೆದಾಗ ಎಲ್ಲರೂ ಒಟ್ಟಿಗೆ ಬಣ್ಣ ಬದಲಿಸಬೇಕು, ಬಿಳಿಯಿಂದ ಕಪ್ಪು, ಕಪ್ಪಿನಿಂದ ಬಿಳಿ.

"ಗಂಟೆ ಯಾಕೆ?" ಓರ್ರಿ ಕೇಳಿದ.

"ಭೂಮಿ ಒಂದು ಅಯಸ್ಕಾಂತ. ಅದರ ಉತ್ತರ ದಕ್ಷಿಣ ಆಗಾಗ ಅದಲುಬದಲಾಗತ್ತೆ, ಲಕ್ಷಾಂತರ ವರ್ಷಕ್ಕೊಂದ್ಸಲ. ಆಗ ಗಟ್ಟಿಯಾದ ಕಲ್ಲು ಆ ದಿಕ್ಕನ್ನೇ ಹಿಡ್ಕೊಂಡು ಬಿಡತ್ತೆ. ಬಿರುಕಿನ ಎರಡೂ ಕಡೆ ಒಂದೇ ಥರ ಪಟ್ಟೆ."

ಹೆಣೆಯುತ್ತ ಹೆಣೆಯುತ್ತ ಅದು ಕಣ್ಣೆದುರೇ ಮೂಡಿತು. ಇಷ್ಟು ವರ್ಷ ಉಣ್ಣೆ ಹಿಡಿದ ನನಗೆ ರೋಮಾಂಚನವಾಯಿತು. ಹಲ್ಬೆರಾಳ ಪಟ್ಟೆಗಳು ಕಿರಿದು, ಓರ್ರಿಯವು ಅಗಲ, ಆದರೆ ಕ್ರಮ ಒಂದೇ.

"ನಿಂದು ಯಾಕೆ ಇಷ್ಟು ಮುದುಡಿದೆ?" ಓರ್ರಿ ಕೆಣಕಿದ.

"ನಿಂದು ಮೀನಿನ ಬಲೆ ಥರ ಇದೆ, ಸುಮ್ನಿರು."

"ಸಮುದ್ರದಲ್ಲೂ ಹಾಗೇ," ಕೋಲ್ಬೇನ್ ಹಿಗ್ಗಿದ. "ಒಂದು ಕಡೆ ಬೇಗ, ಒಂದು ಕಡೆ ನಿಧಾನ. ಸರಿ ಮಾಡೋಕೆ ಹೋಗ್ಬೇಡಿ!"

ಅವಳು ಅವನನ್ನು ಮೊದಲ ಸಲ ನೇರ ನೋಡಿದಳು. "ದೂರ ಹೋದ ತುದಿ ಏನಾಗತ್ತೆ?"

"ತಣ್ಣಗಾಗತ್ತೆ. ಭಾರವಾಗಿ ನಿಧಾನಕ್ಕೆ ತಗ್ಗತ್ತೆ. ಅದರ ಮೇಲೆ ಹೂಳು ಕೂರತ್ತೆ."

ಮರುವಾರ ಅವಳು ಒಂದು ಕೆಂಪು ಉಣ್ಣೆಯುಂಡೆ ತಂದಳು. ಲಾವಾ ಬರುವ ಮೊದಲು ಮನೆಯಿಂದ ಸಾಮಾನು ತರಲು ಕೆಲವೇ ನಿಮಿಷ ಬಿಟ್ಟಿದ್ದಾಗ ಬೇರೇನೂ ತೋಚದೆ ಅರ್ಧ ಹೆಣೆದ ಕೆಂಪು ಕಾಲುಚೀಲವೊಂದನ್ನು ಎತ್ತಿಕೊಂಡು ಬಂದಿದ್ದಳಂತೆ. ಅದನ್ನು ಬಿಚ್ಚಿದ ಉಣ್ಣೆ. ಯಾರಿಗೂ ಹೇಳದೆ ಅದರಿಂದ ಒಂದು ಸಾಲು ಹೆಣೆದಳು. ಕೋಲ್ಬೇನ್ ಅದನ್ನು ನೋಡಿದ, ಕೇಳಲಿಲ್ಲ. ಕೇಳದಿರುವುದೂ ಒಂದು ವಿದ್ಯೆ, ಅದು ಅವನಿಗಿತ್ತು.

ಹೆತ್ತವರನ್ನು ಶಾಲೆಗೆ ಕರೆಯುವ ದಿನ ಬಂತು. ತುದಿಯೊಂದು ಬಿಚ್ಚುತ್ತಿದೆಯೆಂದು ಹಲ್ಬೆರಾ ತನ್ನದನ್ನು ಹಿಂದಿನ ವಾರವೇ ಮನೆಗೊಯ್ದಿದ್ದಳು, ಅಂದು ಅಜ್ಜಿ ಕಡ್ಡಿ ಸಮೇತ ಚೀಲದಲ್ಲಿ ಮಡಚಿಟ್ಟದ್ದನ್ನು ಹಾಗೇ ತಂದಳು. ಮೇಜಿನ ಮೇಲೆ ಬಿಡಿಸಿದಾಗ ನಾನು ಬಗ್ಗಿ ನೋಡಿದೆ. ಪಟ್ಟೆಗಳೆಲ್ಲ ಸಮ, ಒಂದು ಕುಣಿಕೆಯೂ ಆಚೀಚೆಯಿಲ್ಲ. ಕೆಂಪು ಸಾಲು ಇರಲಿಲ್ಲ.

ಥೋರಾ ಅಜ್ಜಿ ಕಾಫಿ ಲೋಟ ಹಿಡಿದು ಹೆಮ್ಮೆಯಿಂದ ಮುಂದೆ ಬಂದಳು. "ಎಲ್ಲಾ ಓರೆಕೋರೆ ಆಗಿತ್ತು ಮಗಾ, ನಡುವೆ ಒಂದು ಕೆಂಪು ಗೆರೆ ಬೇರೆ. ಊರಿನವರ ಮುಂದೆ ಅದನ್ನ ಹಾಕೋದಾ? ನೀನು ಈಜೋಕೆ ಹೋದಾಗೆಲ್ಲ ಕೂತು, ಬಿಚ್ಚಿ ಹೊಸದಾಗಿ ಹೆಣೆದೆ."

ಅವಳನ್ನು ಬೈಯಲಾರೆ. ಈ ಊರಿನ ಯಾವ ಅಜ್ಜಿಯಾದರೂ ಅದನ್ನೇ ಮಾಡುತ್ತಿದ್ದಳು. ನಾನೂ ಮಾಡುತ್ತಿದ್ದೆ.

ಹಲ್ಬೆರಾ ಬಿಳಿಚಿಕೊಂಡು ಬಾಗಿಲ ಕಡೆ ತಿರುಗಿದಳು. ಹೋಗಿಯೇಬಿಟ್ಟಳು, ಇನ್ನು ಬರುವುದಿಲ್ಲ ಎಂದುಕೊಂಡೆ.

"ಅಜ್ಜಿ," ಎಂದಳು ಅಲ್ಲೇ ನಿಂತು, "ಆ ಕೆಂಪು ನಮ್ಮನೇದು. ಆ ಕಾಲುಚೀಲದ್ದು."

ಥೋರಾ ಲೋಟ ಕೆಳಗಿಟ್ಟಳು. "ಅಯ್ಯೋ ನನ್ನ ಕಂದಾ... ಎಸೆದಿಲ್ಲ, ಎಸೀತೀನಾ?" ಪರ್ಸಿನಿಂದ ಪುಟ್ಟ ಕೆಂಪು ಉಂಡೆ ತೆಗೆದಳು. "ಈಗ್ಲೇ ಬಿಚ್ತೀನಿ, ಇದ್ದ ಜಾಗದಲ್ಲೇ ಹಾಕಿ ಕೊಡ್ತೀನಿ."

ಹುಡುಗಿ ಆ ಉಂಡೆಯನ್ನು ಕೈಗೆ ತೆಗೆದುಕೊಂಡಳು.

"ಬೇಡ. ಸಮುದ್ರ ಯಾವತ್ತೂ ಬಿಚ್ಚಿ ಹೆಣೆಯಲ್ಲ. ಹೊಸದು ಬರೋದು ನಡುವೇನೇ."

ಕುರ್ಚಿ ಎಳೆದು ಕೂತಳು. ನನ್ನ ಕತ್ತರಿ ಕೇಳಿ, ಕೆಂಪು ನೂಲನ್ನು ಎರಡು ಮಾಡಿ, ಅರ್ಧವನ್ನು ಮೇಜಿನಾಚೆ ನೂಕಿದಳು.

"ನಂಗ್ಯಾಕೆ?" ಓರ್ರಿ ತಡವರಿಸಿದ. "ಅದು ನಿಮ್ಮನೇದು."

"ಬಿರುಕಲ್ಲಿ ಬಂದಿದ್ದು ಎರಡೂ ಕಡೆಗೆ ಸೇರತ್ತೆ ಕಣೋ. ಪಾಠ ಕೇಳ್ತಿರ್ಲಿಲ್ವಾ? ಹೆಣಿ. ಸ್ವಲ್ಪ ಬಿಗಿಯಾಗಿ."

ಇಬ್ಬರೂ ಹೆಣೆದರು. ಸುತ್ತ ನಿಂತವರ ಕೈಯಲ್ಲಿ ಕಾಫಿ ತಣ್ಣಗಾಯಿತು. ಸಾಲು ಮುಗಿದಾಗ ಹಲ್ಬೆರಾ ಕೆಂಪನ್ನು ಬೆರಳಿಂದ ಸವರಿ, ನೆರೆದವರಿಗೆ ಹೇಳಿದಳು:

"ಇದು ನಮ್ಮನೆ. ಈಗ ನಡುವೆ ಇದೆ, ಇನ್ನೂ ಬಿಸಿ. ಮುಂದಿನ ಸಾಲು ಬಂದಾಗ ಒಂದು ಸಾಲು ದೂರ ಹೋಗತ್ತೆ. ಹೋದ್ರೂ ಇದರೊಳಗೇ ಇರತ್ತೆ."

ಬಿಳಿ ಉಣ್ಣೆ ಕೈಗೆತ್ತಿಕೊಂಡು ಮೇಷ್ಟ್ರ ಕಡೆ ನೋಡಿದಳು. "ಕೋಲ್ಬೇನ್, ಗಂಟೆ ಹೊಡಿ."

ಅವನು ತೂತಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಗಂಟೆ ನಾನೇ ಹೊಡೆದೆ.