ಬಾಟಲಿಯ ತಳದ ಹಾಲು

ಅರವತ್ತಾರನೇ ಇಸವಿಯಲ್ಲಿ ಹೆರಿಗೆಯ ಬೆನ್ನಿಗೇ ಜ್ವರ ಬಂದು ನನ್ನ ಎದೆಹಾಲು ಬತ್ತಿಹೋಯಿತು. ಸಾಗರದ ಆಸ್ಪತ್ರೆಯ ನರ್ಸಮ್ಮ ಹಾಲಿನ ಪುಡಿಯ ಡಬ್ಬಿ ಕೊಟ್ಟರು. ಬಾಟಲಿ, ನಿಪ್ಪಲ್ ಎರಡನ್ನೂ ಪ್ರತಿಸಲ ಕುದಿಸಬೇಕು, ಕುದಿಸಿದ ನೀರಿನಲ್ಲೇ ಪುಡಿ ಕಲಸಬೇಕು, ಮಗು ಬಿಟ್ಟ ಹಾಲನ್ನು ಮತ್ತೆ ಕುಡಿಸದೆ ಚೆಲ್ಲಬೇಕು ಎಂದು ಹೇಳಿ ನಮ್ಮೂರು ಬ್ಯಾಕೋಡಿಗೆ ಕಳಿಸಿದರು.

ಕೊನೆಯ ಮಾತು ಕೇಳಿ ಅತ್ತೆ ಕೆರಿಯಮ್ಮ ಹೌಹಾರಿದರು. "ಹಾಲು ಚೆಲ್ಲೋದಾ? ಈ ಮನೇಲಾ?"

"ಚೆಲ್ಲೋದ್ಯಾಕೆ, ನನ್ ಲೋಟಕ್ಕೆ ಹಾಕಿ," ಎಂದರು ಮಾವ ಜಟ್ಟಪ್ಪ, ದೊಡ್ಡ ತ್ಯಾಗ ಮಾಡುವವರಂತೆ.

ಆ ಸಿಹಿ ಹಾಲಿನ ರುಚಿ ಹತ್ತಿದ್ದೇ ತಡ, ಮಾವನ ಕಾಟ ಶುರುವಾಯಿತು. ಹುಟ್ಟಿದಾಗಿನಿಂದ ಒಲೆಯ ಹತ್ತಿರ ಸುಳಿಯದ ಮನುಷ್ಯ, ಬಾಟಲಿ ಕುದಿಯುವ ಪಾತ್ರೆಗೆ ಕಾವಲು ಕೂತರು. "ವಿಶಾಲಾ, ನೀರು ಕುದೀತಾ? ಕೈ ತೊಳ್ದ್ಯಾ?" ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಗು ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ, "ಸಾಕಾಯ್ತೇನೋ ಪಾಪ, ಒತ್ತಾಯ ಮಾಡ್ಬೇಡ," ಎಂದು ಲೋಟ ಹಿಡಿದು ನಿಲ್ಲುತ್ತಿದ್ದರು.

ಮಗಳು ಮಾತ್ರ ದಿನೇದಿನೇ ಗಟ್ಟಿಯಾದಳು. ಒಂದು ಬೆಳಿಗ್ಗೆ ಬಾಟಲಿಯನ್ನು ಪೂರ್ತಿ ಚೀಪಿ ಮುಗಿಸಿ, ಖಾಲಿ ನಿಪ್ಪಲ್ಲನ್ನೂ ಬಿಡಲೊಲ್ಲೆ ಎಂದು ಹಟ ಹಿಡಿದಳು. ಅತ್ತೆ, ನಾನು ಹಿಗ್ಗಿಹೋದೆವು. ಮಾವ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಲೋಟದ ಮೇಲೆ ಬೋರಲು ಮಾಡಿ ಕೊಡವಿದರು. ಏನೂ ಬೀಳಲಿಲ್ಲ.

"ಎಂಥಾ ಹೊಟ್ಟೆಬಾಕಿ ಮಾರಾಯ್ತಿ ಇದು! ಅಜ್ಜನಿಗೆ ಅಂತ ಒಂದು ಹನಿನಾದ್ರೂ ಬಿಡೋದು ಬೇಡ್ವಾ?"

ಅತ್ತೆ ಅವರ ಕೈಯಿಂದ ಲೋಟ ಕಿತ್ತುಕೊಂಡರು. ಬಾಟಲಿಯನ್ನು ಅವರ ಕೈಯಲ್ಲೇ ಬಿಟ್ಟರು.

"ಕುದ್ಸೋ ಕೆಲ್ಸ ಇನ್ಮೇಲೆ ನಿಮ್ದೇ. ಹೋಗಿ."