ಕೆಟ್ಟು ನಿಂತ ಲಿಫ್ಟಿಗೆ ಚಪ್ಪಾಳೆ

ಸೋಫಾ ರಿಪೇರಿ ಮಾಡುವವರ ಬಾಯಲ್ಲಿ ಸದಾ ನಾಲ್ಕಾರು ಸಣ್ಣ ಮೊಳೆಗಳಿರುತ್ತವೆ. ಹಾಗಾಗಿ ಅವರು ಮಾತಿನವರಲ್ಲ ಎಂದು ಗಿರಾಕಿಗಳು ತಿಳಿಯುತ್ತಾರೆ. ಆದರೆ ಸುತ್ತಿಗೆ ಎಂಬ ಅಡ್ಡಹೆಸರಿನ ಈ ಮನುಷ್ಯ ಮೊಳೆ ಕಚ್ಚುವುದಕ್ಕೂ ಮುಂಚೆಯೇ ಮಾತು ಬಿಟ್ಟಿದ್ದ. ಅಡ್ಡಹೆಸರು ಸೋಫಾ ಕೆಲಸದಿಂದ ಬಂದದ್ದೂ ಅಲ್ಲ. ಒಂದು ಕಾಲದಲ್ಲಿ ಅವನು 'ತುಕ್ಕು' ಎಂಬ ಗ್ರಂಜ್ ರಾಕ್ ಬ್ಯಾಂಡಿನ ಡ್ರಮ್ಮರ್ ಆಗಿದ್ದ. ಹರಿದ ಸ್ವೆಟರು, ಎಣ್ಣೆ ಕಾಣದ ತಲೆ, ಕೆಸರು ಕಲಸಿದಂಥ ಗಿಟಾರು, ಗಂಟಲು ಕಿತ್ತುಬರುವ ಹಾಗೆ ಕಿರುಚುವ ಹಾಡು, ಇಷ್ಟೂ ಗಲೀಜಿನ ಹಿಂದೆ ಕೂತು ಅವನು ಕೊಡುತ್ತಿದ್ದ ಏಟು ಮಾತ್ರ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಅದಕ್ಕೇ ಸುತ್ತಿಗೆ ಎಂದು ಹೆಸರಿಟ್ಟರು.

ಬ್ಯಾಂಡಿನ ಗಾಯಕ ಬೇರೆ ಯಾರೂ ಅಲ್ಲ, ಅವನ ಹೆಂಡತಿಯ ಅಣ್ಣ. ಭಾವ ಎಂದರೆ ಸುತ್ತಿಗೆಗೆ ದೇವರಿಗಿಂತ ಒಂದು ಗೇಣು ಕೆಳಗೆ, ಅಷ್ಟೇ. ಅವರ ಐದನೆಯ ಆಲ್ಬಮ್ 'ಕೆಟ್ಟು ನಿಂತ ಲಿಫ್ಟ್' ಹೊರಬಂದಾಗ ಕೇಳಿದವರೆಲ್ಲ ಮೂಗು ಮುರಿದರು. ಏಟು ತಡವಾಗಿ ಬೀಳುತ್ತದೆ, ಡ್ರಮ್ಮರ್ ಕುಡಿದು ಕೂತಿದ್ದನೇ ಎಂದು ಪತ್ರಿಕೆಯವರು ಬರೆದರು. ಭಾವ ರೇಡಿಯೋದಲ್ಲಿ ಕೂತು, "ಏನ್ಮಾಡೋದು ಹೇಳಿ, ನಮ್ಮ ಡ್ರಮ್ಮೇ ನಮ್ಮನ್ನ ಮುಳುಗಿಸಿಬಿಡ್ತು" ಎಂದು ನಕ್ಕುಬಿಟ್ಟ. ಅದಾದ ವಾರಕ್ಕೆ ಡ್ರಮ್ಮಿನ ಹಿಂದೆ ಬೇರೊಬ್ಬ ಬಂದು ಕೂತ. ಬ್ಯಾಂಡು ಮುಂದೆ ಬೆಳೆಯಿತು, ಹಿರಿಯರ ಸಾಲಿಗೆ ಸೇರಿತು. ಈಚೆಗೆ ಭಾವ ತೀರಿಕೊಂಡಾಗ ಟೀವಿಯವರು ಇಡೀ ದಿನ ಅತ್ತರು. ಸುತ್ತಿಗೆ ಆ ದಿನವೂ ಯಾರದೋ ಮನೆಯ ಕುರ್ಚಿಗೆ ಬಟ್ಟೆ ಬಿಗಿಯುತ್ತಿದ್ದ.

ಆ ಆಲ್ಬಮ್ಮನ್ನು ಅವನೇ ಒಂದು ಸಲ ಕೇಳಿ ನೋಡಬಾರದಿತ್ತೇ ಎಂದು ನಿಮಗೆ ಅನ್ನಿಸಬಹುದು. ಕೇಳಿರಲಿಲ್ಲ. ತುಕ್ಕಿನಲ್ಲಿ ಒಂದು ಕಟ್ಟುಪಾಡಿತ್ತು: ಸ್ಟುಡಿಯೋದಿಂದ ಹೊರಬಿದ್ದ ಮೇಲೆ ತಮ್ಮ ರೆಕಾರ್ಡನ್ನು ತಾವು ಕೇಳಕೂಡದು. ಕೇಳಿದರೆ ನಮ್ಮನ್ನೇ ನಾವು ನಕಲು ಹೊಡೆಯುತ್ತೇವೆ ಎಂದು ಭಾವ ಕಟ್ಟುನಿಟ್ಟು ಮಾಡಿದ್ದ. ಉಳಿದವರೆಲ್ಲ ಕದ್ದು ಕೇಳುತ್ತಿದ್ದರು, ಭಾವನಂತೂ ಕಾರಿನಲ್ಲಿ ಅದನ್ನೇ ಹಾಕಿಕೊಂಡು ತಿರುಗುತ್ತಿದ್ದ. ಪಾಲಿಸಿದ ಪೆದ್ದ ಇವನೊಬ್ಬನೇ. ಹೊರಗೆ ಹಾಕಿದ ಮೇಲೂ ಪಾಲಿಸಿದ, ಮನೆಗೆ ಅದರ ಒಂದು ಪ್ರತಿಯನ್ನೂ ತರಗೊಡಲಿಲ್ಲ. ನಿಜ ಹೇಳಬೇಕೆಂದರೆ ಆಮೇಲಾಮೇಲೆ ಅದು ಕಟ್ಟುಪಾಡಾಗಿ ಉಳಿದಿರಲಿಲ್ಲ, ಹೆದರಿಕೆಯಾಗಿತ್ತು. ನನ್ನ ಕೈ ನಿಜಕ್ಕೂ ಅಷ್ಟು ಕೆಟ್ಟಿತ್ತು ಎಂದು ಗೊತ್ತಾಗಿಬಿಟ್ಟರೆ ಏನು ಮಾಡುವುದು?

ಹೀಗಿರುವಾಗ ಒಂದು ಬೆಳಗ್ಗೆ ಮಗಳು ಫೋನು ಹಿಡಿದುಕೊಂಡು ಅಂಗಡಿಗೆ ಓಡಿಬಂದಳು. ಅವಳಿಗೂ ಆ ಆಲ್ಬಮ್ಮಿಗೂ ಒಂದೇ ವಯಸ್ಸು.

"ಅಪ್ಪಾ, ನಿಮ್ಮ ಲಿಫ್ಟು ಈಗ ಮೇಲಕ್ಕೆ ಹೋಗ್ತಿದೆ ನೋಡಿ! ತುಕ್ಕು ಮಾಡಿದ್ದರಲ್ಲೆಲ್ಲ ಇದೇ ಬೆಸ್ಟು ಅಂತಿದಾರೆ. ಅದೂ ಯಾತಕ್ಕೆ ಗೊತ್ತಾ? ಡ್ರಮ್ಸಿಗೆ!"

ಸುತ್ತಿಗೆ ಬಾಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ. "ನನ್ನ ಡ್ರಮ್ಸಿಗಾ?" ಎಂದ.

"ಮತ್ತಿನ್ಯಾರದಕ್ಕೆ? ಭಾನುವಾರ ಅಭಿಮಾನಿಗಳೆಲ್ಲ ಸೇರಿ ಪೂರ್ತಿ ಕೇಳ್ತಾರಂತೆ. ನೀವು ಬರಲೇಬೇಕಂತೆ. ಅಮ್ಮನ್ನೂ ಕರ್ಕೊಂಡು ಹೋಗೋಣ."

ಆ ವಾರ ಅವನು ಬಡಿದ ಮೊಳೆಗಳೆಲ್ಲ ತಾಳಕ್ಕೆ ಬಿದ್ದವು. ಅವನಿಗೆ ಹೆಚ್ಚೇನೂ ಬೇಕಿರಲಿಲ್ಲ. ಹೆಂಡತಿ, ಮಗಳು ಇಬ್ಬರ ಎದುರಿಗೆ ಯಾರಾದರೊಬ್ಬರು, ಇವನ ಕೈ ಕೆಟ್ಟಿರಲಿಲ್ಲ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಪಾಪ, ಅಷ್ಟಕ್ಕೇ ಅಂಗಿಗೆ ಎರಡೆರಡು ಸಲ ಇಸ್ತ್ರಿ ಹಾಕಿಕೊಂಡ.

ಹಳೆಯ ರೆಕಾರ್ಡ್ ಅಂಗಡಿಯ ಮಹಡಿ. ಮಡಚುವ ಕುರ್ಚಿಗಳಲ್ಲಿ ನಲವತ್ತು ಐವತ್ತು ಜನ, ಮುಕ್ಕಾಲು ಪಾಲು ಮಗಳ ಓರಗೆಯವರು. ಸ್ವೆಟರುಗಳನ್ನು ದುಡ್ಡು ಕೊಟ್ಟು ಹರಿಸಿಕೊಂಡ ಹಾಗಿತ್ತು. ಮೂಲೆಯಲ್ಲಿ ಒಂದು ಡ್ರಮ್ ಸೆಟ್ ಇಟ್ಟಿದ್ದರು. ಎಲ್ಲಕ್ಕೂ ಮುಂದಾಳು ಒಬ್ಬ ಹಲ್ಲಿನ ಡಾಕ್ಟರ್. ಅವನು ಸುತ್ತಿಗೆಯ ಎರಡೂ ಕೈಗಳನ್ನು ಹಿಡಿದು, ಹಲ್ಲು ನೋಡುವಷ್ಟೇ ಗಮನದಿಂದ ತಿರುಗಿಸಿ ತಿರುಗಿಸಿ ನೋಡಿದ. ಮುಂದಿನ ಸಾಲಿನಲ್ಲಿ ಮೂವರನ್ನೂ ಕೂರಿಸಿದ.

"ಗೆಳೆಯರೇ, ಈ ಆಲ್ಬಮ್ ಬಂದಾಗ ಜನಕ್ಕೆ ಕಿವಿ ಇರಲಿಲ್ಲ," ಎಂದು ಡಾಕ್ಟರ್ ಶುರು ಮಾಡಿದ. "ಏಟು ತಡ ಅಂದ್ರು. ತಡ ಅಲ್ಲ ಅದು! ಬದುಕೋಕೆ ಇಷ್ಟ ಇಲ್ಲದ ಮನುಷ್ಯ ಬೆಳಗ್ಗೆ ಹಾಸಿಗೆಯಿಂದ ಏಳೋದು ಹಾಗೇನೇ. ಮತ್ತೆ ಪ್ರತಿ ಏಟಿಗೂ ಮುಂಚೆ ಒಂದು ಸಣ್ಣ 'ಟಿಕ್' ಕೇಳುತ್ತೆ. ಆ ಟಿಕ್ಕಿಗೋಸ್ಕರ ನಾನು ರಾತ್ರಿಯೆಲ್ಲ ಅತ್ತಿದೀನಿ."

ಸುತ್ತಿಗೆ ಹುಬ್ಬು ಗಂಟಿಕ್ಕಿದ. ಯಾವ ಟಿಕ್?

ರೆಕಾರ್ಡಿನ ಮೇಲೆ ಮುಳ್ಳು ಇಳಿಯಿತು. ಗಿಟಾರು ಗೊರಗೊರ ಎಂದಿತು, ಆಮೇಲೆ ಡ್ರಮ್ಮು ಬಂತು. ಟಿಕ್, ಧಬ್. ಟಿಕ್, ಧಬ್. ಆ ಟಿಕ್ ಸುತ್ತಿಗೆಗೆ ಚೆನ್ನಾಗಿ ಗೊತ್ತು. ಭಾವ ಆಗಾಗ ಹುಕಿ ಬಂದು ಡ್ರಮ್ಮಿನ ಮುಂದೆ ಕೂರುತ್ತಿದ್ದ. ಕೋಲು ಹಿಡಿಯುವುದನ್ನು ಅವನು ಕೊನೆಗೂ ಕಲಿಯಲಿಲ್ಲ. ಏಟು ಬೀಳುವ ಮುಂಚೆ ಕೋಲಿನ ಮಗ್ಗುಲು ಡ್ರಮ್ಮಿನ ಅಂಚಿಗೆ ತಾಗಿ ಟಿಕ್ ಎನ್ನುತ್ತಿತ್ತು. "ಅಂಚಿಗೆ ತಾಗಿಸ್ಬೇಡಿ ಭಾವ, ಪಾತ್ರೆ ತೊಳೆದ ಹಾಗೆ ಕೇಳುತ್ತೆ" ಎಂದು ಇವನೇ ಎಷ್ಟು ಸಲ ಹೇಳಿದ್ದನೋ.

ಒಂದು ಹಾಡಲ್ಲ, ಎರಡಲ್ಲ. ಅಷ್ಟೂ ಹಾಡುಗಳಲ್ಲಿ ಭಾವನ ಕೈ. ಇವನದು ಒಂದೇ ಒಂದು ಏಟಿಲ್ಲ.

ಆಗ ಎಲ್ಲ ನೆನಪಾಯಿತು. ಇವನು ತನ್ನ ಪಾಲಿನದನ್ನೆಲ್ಲ ಬಾರಿಸಿ ಮುಗಿಸಿದ್ದ. ಹೆಂಡತಿಗೆ ನೋವು ಶುರುವಾಗಿದೆ ಎಂದು ಸ್ಟುಡಿಯೋಗೆ ಫೋನು ಬಂದಿತ್ತು. "ನಿನ್ನ ಕೆಲಸ ಮುಗೀತಲ್ಲಪ್ಪ, ಹೋಗು, ಮಗು ನೋಡ್ಕೊಂಡು ನಿಧಾನಕ್ಕೆ ಬಾ" ಎಂದು ಭಾವನೇ ಬೆನ್ನು ತಟ್ಟಿ ಕಳಿಸಿದ್ದ. ಇವನು ಆಸ್ಪತ್ರೆಯಲ್ಲಿ ಮಗುವನ್ನು ಎತ್ತಿಕೊಂಡು ಕೂತಿದ್ದಾಗ ಅವನು ಇವನ ಏಟುಗಳನ್ನೆಲ್ಲ ಅಳಿಸಿ ತಾನೇ ಬಾರಿಸಿದ್ದ. ಆಲ್ಬಮ್ ಬಿದ್ದುಹೋದಾಗ ತಪ್ಪನ್ನು ಈ ಬಡಪಾಯಿಯ ತಲೆಗೆ ಕಟ್ಟಿ, ರೇಡಿಯೋದಲ್ಲಿ ನಕ್ಕಿದ್ದ.

ಸುತ್ತಿಗೆ ಹೆಂಡತಿಯ ಕಿವಿಯ ಹತ್ತಿರ ಬಾಗಿದ. "ಇದು ನಾನಲ್ಲ ಕಣೆ. ಬಾರಿಸಿರೋದು ನಿಮ್ಮಣ್ಣ."

ಅವಳು ತಿರುಗಿ ನೋಡಲಿಲ್ಲ. ಕೈಚೀಲದ ಜಿಪ್ಪನ್ನು ಎಳೆಯುತ್ತ ಕೂತಿದ್ದಳು. "ಗೊತ್ತು," ಎಂದಳು. "ಆಸ್ಪತ್ರೆಗೆ ಬಂದಾಗ್ಲೇ ಅಣ್ಣ ಹೇಳಿದ್ದ. ನಿಮಗೆ ಹೇಳ್ಬೇಡ ಅಂತ ಮಗು ತಲೆ ಮೇಲೆ ಕೈ ಇಡಿಸಿ ಆಣೆ ಹಾಕಿಸ್ಕೊಂಡ."

"ಇಷ್ಟು ವರ್ಷ..."

"ಬೈಸಿಕೊಂಡಿದ್ದು ನೀವು ತಾನೇ? ಈಗ ಹೊಗಳ್ತಿದಾರೆ, ಅದನ್ನೂ ಇಸ್ಕೊಳ್ಳಿ. ಸತ್ತವನ ಮೇಲೆ ಹೇಳಿ ಏನು ಬರುತ್ತೆ? ಸುಮ್ನೆ ಕೂತ್ಕೊಳ್ರೀ, ಮಗಳು ನೋಡ್ತಿದಾಳೆ."

ಮಗಳು ನಿಜಕ್ಕೂ ನೋಡುತ್ತಿದ್ದಳು. ಅವಳ ಕಣ್ಣು ತುಂಬಿಬಂದಿತ್ತು. ಅಪ್ಪ ದೊಡ್ಡವನು ಎಂದು ಬೇರೆಯವರ ಬಾಯಲ್ಲಿ ಕೇಳುವ ಭಾಗ್ಯ ಅವಳಿಗೆ ಅದೇ ಮೊದಲು. ಸುತ್ತಿಗೆ ರೆಕಾರ್ಡಿನ ಕಡೆಗೇ ತಿರುಗಿ ಕೂತ.

ಕೊನೆಯ ಹಾಡು ಮುಗಿದಾಗ ಎಲ್ಲರೂ ಎದ್ದುನಿಂತರು. "ಸಾರ್, ಒಂದೇ ಒಂದು ಸಲ! ಆ ಮೊದಲನೇ ಹಾಡು!" ಎಂದು ಡಾಕ್ಟರ್ ಕೈಗೆ ಕೋಲು ಕೊಟ್ಟು ಡ್ರಮ್ಮಿನ ಕಡೆಗೆ ತಳ್ಳಿಕೊಂಡೇ ಹೋದ.

ಕೂತ ಮೇಲೆ ಸುತ್ತಿಗೆಗೆ ಬೇರೊಂದು ಆಸೆ ಹುಟ್ಟಿತು. ರೆಕಾರ್ಡಿನಲ್ಲಿ ಅಳಿಸಿದ್ದನ್ನು ಇಲ್ಲಿ ಕೇಳಿಸುತ್ತೇನೆ, ಕಿವಿ ಇದ್ದವರಿಗೆ ತಾನಾಗಿ ತಿಳಿಯುತ್ತದೆ ಎಂದುಕೊಂಡ. ಅಂದು ಸ್ಟುಡಿಯೋದಲ್ಲಿ ಬಾರಿಸಿದ್ದ ಹಾಗೆಯೇ ಬಾರಿಸಿದ. ದಿನವೂ ಸುತ್ತಿಗೆ ಹಿಡಿದ ಮಣಿಕಟ್ಟು ಕೈ ಕೊಡಲಿಲ್ಲ. ಒಂದೊಂದು ಏಟೂ ಎಲ್ಲಿ ಬೀಳಬೇಕೋ ಅಲ್ಲಿಯೇ, ಬೀಳಬೇಕಾದ ಹೊತ್ತಿಗೇ ಬಿತ್ತು. ಇಷ್ಟು ಚೆನ್ನಾಗಿ ಅವನು ಆ ಕಾಲದಲ್ಲೂ ಬಾರಿಸಿದ್ದಿಲ್ಲ. ಮುಗಿಸಿ ಬೆವರು ಒರೆಸಿಕೊಂಡು ತಲೆ ಎತ್ತಿದ.

ಅಳುವ ಮಗುವನ್ನು ಸಮಾಧಾನ ಮಾಡುವಂಥ ಚಪ್ಪಾಳೆ ಬಂತು. ಹಿಂದಿನ ಸಾಲಿನಲ್ಲಿ ಯಾರೋ, "ಟಿಕ್ಕೇ ಇಲ್ವಲ್ಲೋ" ಎಂದರು. "ಮೆಷಿನ್ ಥರ ಆಗೋಗಿದಾರೆ, ಪಾಪ" ಎಂದರು ಇನ್ಯಾರೋ. ಡಾಕ್ಟರ್ ಹೆಗಲ ಮೇಲೆ ಕೈ ಹಾಕಿದ. "ವಯಸ್ಸು ಸಾರ್, ಯಾರನ್ನೂ ಬಿಡಲ್ಲ. ಬೇಜಾರು ಮಾಡ್ಕೋಬೇಡಿ. ನಿಮ್ಮ ನಿಜವಾದ ಕೈ ರೆಕಾರ್ಡಲ್ಲಿ ಉಳ್ಕೊಂಡಿದೆಯಲ್ಲ!"

ಮಗಳು ಓಡಿಬಂದು ಪಕ್ಕದಲ್ಲಿ ನಿಂತಳು. "ಪರವಾಗಿಲ್ಲಪ್ಪ, ಆಗ ಎಷ್ಟು ಚೆನ್ನಾಗಿ ಬಾರಿಸ್ತಿದ್ರಿ ಅಂತ ಎಲ್ಲರಿಗೂ ಗೊತ್ತು."

ಬೈಗುಳವನ್ನು ಅವನು ನುಂಗಿದ್ದ. ಇದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

"ಆ ರೆಕಾರ್ಡಲ್ಲಿ ಇರೋದು ನನ್ನ ಕೈ ಅಲ್ಲ!" ಎಂದು ಕೂಗಿಯೇಬಿಟ್ಟ. "ನಾನು ಬಾರಿಸೋದು ಹೀಗೇ. ಅವತ್ತೂ ಹೀಗೇ ಬಾರಿಸಿದ್ದೆ. ನಾನಿಲ್ಲದಾಗ ನಂದನ್ನ ಅಳಿಸಿ ಭಾವ ತಾನೇ ಬಾರಿಸಿದಾನೆ. ಬೈಗುಳ ಮಾತ್ರ ನನಗೆ ಬಿಟ್ಟ. ಬೇಕಾದ್ರೆ ಇವಳನ್ನ ಕೇಳಿ, ಅವನ ಸ್ವಂತ ತಂಗಿ!"

ಹೆಂಡತಿ ತಲೆ ತಗ್ಗಿಸಿದಳು. ಈಗ ಯಾರಾದರೂ ಛೇ ಎನ್ನುತ್ತಾರೆ, ಅನ್ಯಾಯ ಎನ್ನುತ್ತಾರೆ ಎಂದು ಸುತ್ತಿಗೆ ಕಾದ.

"ಅಂದ್ರೆ," ಎಂದು ಡಾಕ್ಟರ್ ನಿಧಾನಕ್ಕೆ ಬಾಯಿ ತೆರೆದ. ಅವನ ಮುಖ ಹೊತ್ತಿಕೊಂಡ ದೀಪದ ಹಾಗಾಯಿತು. "ಹಾಡಿದ್ದೂ ಅವರೇ, ಬಾರಿಸಿದ್ದೂ ಅವರೇ! ಪೂರ್ತಿ ಅವರೇ!"

ಮಹಡಿ ಕಿತ್ತುಹೋಗುವ ಹಾಗೆ ಗದ್ದಲವೆದ್ದಿತು. ಫೋನುಗಳು ಹೊರಬಂದವು. ಅಲ್ಲೇ ಒಬ್ಬ ಅದನ್ನು ಊರಿಗೆಲ್ಲ ಸಾರತೊಡಗಿದ. ಡಾಕ್ಟರ್ ಮತ್ತೆ ಸುತ್ತಿಗೆಯ ಕಡೆ ತಿರುಗಿದ. "ನೀವು ಇಲ್ಲದಾಗ ಅಂದ್ರಲ್ಲ, ಎಲ್ಲಿಗೆ ಹೋಗಿದ್ರಿ ಸಾರ್? ಇದೆಲ್ಲ ಈಗ ಚರಿತ್ರೆ."

"ಆಸ್ಪತ್ರೆಗೆ," ಎಂದ ಸುತ್ತಿಗೆ. ದನಿ ಇಳಿದುಹೋಗಿತ್ತು. "ಇವಳು ಹುಟ್ಟಿದ್ಳು."

ಡಾಕ್ಟರ್ ಮಗಳ ಕೈ ಹಿಡಿದು ಮೇಲೆತ್ತಿದ. "ಕೇಳಿದ್ರಾ ಎಲ್ಲರೂ? ಇವರು ಅವತ್ತು ಹುಟ್ಟದೆ ಹೋಗಿದ್ರೆ ಸಾರ್ ಸ್ಟುಡಿಯೋ ಬಿಟ್ಟು ಕದಲ್ತಿರಲಿಲ್ಲ, ಈ ಆಲ್ಬಮ್ ಹಾಳಾಗಿ ಹೋಗ್ತಿತ್ತು! ಒಂದು ಜೋರಾದ ಚಪ್ಪಾಳೆ!"

ಈ ಸಲದ ಚಪ್ಪಾಳೆ ನಿಜವಾದ್ದು. ಮಗಳು ಕೈ ಬಿಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಅಪ್ಪನ ಮುಖ ನೋಡಿದಳು. ತನ್ನ ಹುಟ್ಟಿಗೆ ಚಪ್ಪಾಳೆ ಬೀಳುತ್ತಿದೆ, ಅಪ್ಪನೊಬ್ಬನೇ ತಟ್ಟದೆ ಕೋಲು ಹಿಡಿದು ಕೂತಿದ್ದಾನೆ.

ಸುತ್ತಿಗೆ ಕೋಲುಗಳನ್ನು ನೆಲಕ್ಕಿಟ್ಟ. ಮಗಳನ್ನೇ ನೋಡುತ್ತ ತಾನೂ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದ. ಅಷ್ಟೂ ಜನರಲ್ಲಿ ತಾಳ ತಪ್ಪದೆ ತಟ್ಟಿದವನು ಅವನೊಬ್ಬನೇ.