ಬಾಗಿಲಿಗೆಲ್ಲಿದೆ ಐದು ಬೆರಳು

ಗೌರಿ ಬಾಗಿನ ಹೊತ್ತು ನಾಗಮಂಗಲಕ್ಕೆ ಬಂದ ಸುನಿತಾಳ ತಮ್ಮ ಆ ವರ್ಷ ಹೆಗಲಿಗೆ ಗಿಟಾರನ್ನೂ ನೇತುಹಾಕಿಕೊಂಡಿದ್ದ. ಮೈಸೂರಿಗೆ ಓದಲು ಹೋದ ರಘುನಂದನ್ ಅಲ್ಲಿ ಓದಿದ್ದಕ್ಕಿಂತ ಕೂದಲು ಬೆಳೆಸಿದ್ದೇ ಹೆಚ್ಚು. ಜೊತೆಗೆ ಅವನಂಥವೇ ಮೂರು ತಲೆಗಳು, ಒಂದು ವ್ಯಾನು, ಅದರ ತುಂಬ ಡ್ರಮ್ಮು, ಸ್ಪೀಕರು. ಮರುದಿನ ಸಂಜೆ ಗಣಪತಿ ಪೆಂಡಾಲಿನಲ್ಲಿ ಇವರದೇ ಕಾರ್ಯಕ್ರಮ.

ಸುನಿತಾಗೆ ಬೇಕಾಗಿದ್ದುದು ಹಾಡಲ್ಲ. ಬಾಗಿನ ತಂದ ತಮ್ಮ "ಅಕ್ಕನ್ನ ನಾಕ್ ದಿನ ಕಳ್ಸಿ ಬಾವ" ಅಂತ ಕೇಳಿದರೆ, ಹಬ್ಬದ ದಿನ ಯಾವ ಗಂಡನೂ ಇಲ್ಲ ಅನ್ನುವುದಿಲ್ಲ. ಅಕ್ಕಿಹೆಬ್ಬಾಳಿನ ತವರು ಸೇರಿದರೆ ಮತ್ತೆ ಈ ಮನೆ ಹೊಸಿಲು ತುಳಿಯುವುದಿಲ್ಲವೆಂದು ಅವಳು ಗಟ್ಟಿ ಮಾಡಿಕೊಂಡಿದ್ದಳು. ರಘು ಮೊರವನ್ನು ಕೈಗಿತ್ತ, ಕಾಲಿಗೆ ಬಿದ್ದ, ಬಾವನ ಪಕ್ಕ ಕೂತು ಕ್ರಿಕೆಟ್ಟು ಮಾತಾಡಿದ. ಅದೊಂದನ್ನು ಮಾತ್ರ ಕೇಳಲಿಲ್ಲ.

ಪಾಪ, ಅವನಿಗೇನು ಗೊತ್ತು ಅಂದುಕೊಂಡಳು. ಮುಚ್ಚಿಟ್ಟವಳು ಅವಳೇ ತಾನೆ. ಸಂಕ್ರಾಂತಿಯಲ್ಲಿ ಕೆನ್ನೆ ಊದಿದ್ದಾಗ ಬಾಗಿಲು ಬಡೀತು ಅಂದಿದ್ದಳು. ಕೈ ಮುರಿದಾಗ ಬಚ್ಚಲಲ್ಲಿ ಜಾರಿದೆ ಅಂದಿದ್ದಳು. ಸರ್ಕಾರಿ ಕೆಲಸದ ಅಳಿಯನನ್ನು ತಂದೆನೆಂದು ಊರೆಲ್ಲ ಹೇಳಿಕೊಂಡು ತಿರುಗುವ ಅಪ್ಪನ ಮುಖ ನೆನೆದು ಅವಳಿಗೆ ಬಾಯಿ ಬಂದಿರಲಿಲ್ಲ. ನಾಳೆ ಹಾಡು ಮುಗಿಯಲಿ, ಎಲ್ಲ ಹೇಳಿಬಿಡುತ್ತೇನೆ, ಕೇಳಿದ ಮೇಲೆ ಅವನು ಬಿಟ್ಟುಹೋಗುತ್ತಾನೆಯೇ ಅಂದುಕೊಂಡಳು.

ಪೆಂಡಾಲಿನ ಯಜಮಾನ ಕೆಂಪಣ್ಣನಿಗೆ ಸಿನಿಮಾ ಹಾಡು ಬೇಕಿತ್ತು. ಅವನ ಸಮಾಧಾನಕ್ಕೆ ಎರಡು ಹಾಡಿ, "ಇದು ನಾವೇ ಕಟ್ಟಿದ್ದು" ಅಂದ ರಘು. ಗಿಟಾರು ಕೀರಲು ದನಿಯಲ್ಲಿ ಅರಚಿತು. ಮುದುಕಿಯರು ಕಿವಿ ಮುಚ್ಚಿಕೊಂಡರು. ಆಮೇಲೆ ಮಾತು ಕೇಳಿಸಿತು:

ಬಾಗಿಲು ಬಡಿಯಿತು ಅಂದಳು ಅಕ್ಕ,
ಬಚ್ಚಲು ಜಾರಿತು ಅಂದಳು,
ಬಾಗಿಲಿಗೆಲ್ಲಿದೆ ಐದು ಬೆರಳು?
ಬಚ್ಚಲಿಗೆಲ್ಲಿದೆ ಬೂಟು?

ಕಿವಿ ಮುಚ್ಚಿದ್ದ ಕೈಗಳು ಕೆಳಗಿಳಿದವು. ಹಾಡು ಮುಗಿದಾಗ ಹೆಂಗಸರ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಗಿತ್ತು, ಹುಡುಗರು ಒನ್ಸ್ ಮೋರ್ ಎಂದು ಕೂಗುತ್ತಿದ್ದರು. ಸುನಿತಾ ಎದ್ದು ಸ್ಟೇಜಿನ ಹಿಂದಕ್ಕೆ ಹೋದಳು.

"ಎಂಗಿತ್ತಕ್ಕ?" ಬೆವರು ಒರೆಸಿಕೊಳ್ಳುತ್ತ ರಘು ಕೇಳಿದ.

"ನಿಂಗೆ ಯಾವಾಗಿಂದ ಗೊತ್ತು?"

"ಸಂಕ್ರಾಂತಿಯಿಂದ. ಅವ್ವಂಗೂ ಗೊತ್ತು. ಅಪ್ಪಂಗೂ ಗೊತ್ತು ಕಣಕ್ಕ. ಯಾರೂ ಮಾತಾಡಲ್ಲ. ಅದ್ಕೇ ನಾನು ಬರ್ದೆ."

"ನನ್ನ ಕರ್ಕೊಂಡೋಗು ಕಣ್ಲಾ. ಈಗ್ಲೇ."

ಅವನು ಗಿಟಾರಿನ ತಂತಿ ತಿರುಪಿದ. "ಅಪ್ಪನ್ನ ಒಂದ್ ಮಾತು ಕೇಳ್ದೆ ಎಂಗಕ್ಕ? ಬಾವ ಬ್ಯಾರೆ ಇಲ್ಲೇ ಅವ್ರೆ. ಮುಂದಿನ ತಿಂಗ್ಳು ಮೈಸೂರ್ನಲ್ಲಿ ದೊಡ್ಡ ಸ್ಟೇಜು ಐತೆ. ಅಲ್ಲಿ ಆಡುದ್ರೆ ಎಲ್ಲಾರ್ಗೂ ತಿಳೀತದೆ."

"ತಿಳ್ದೋರು ಏನ್ ಮಾಡುದ್ರಿ?" ಅಂದಳು ಸುನಿತಾ. ಅಷ್ಟರಲ್ಲಿ ಕೆಂಪಣ್ಣ ಅವನ ರಟ್ಟೆ ಹಿಡಿದು ಸ್ಟೇಜಿಗೆ ಎಳೆದುಕೊಂಡು ಹೋದ.

ಪೆಂಡಾಲಿನ ಹೊರಗೆ ಗಂಡ ಶಿವಶಂಕರ್ ಸ್ಕೂಟರ್ ತಿರುಗಿಸಿ ನಿಲ್ಲಿಸಿಕೊಂಡಿದ್ದ. ಅವನ ಮುಖದಲ್ಲಿ ಸಿಟ್ಟೇ ಇರಲಿಲ್ಲ, ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

"ಚೆನ್ನಾಗ್ ಆಡ್ತಾನೆ ನಿನ್ ತಮ್ಮ. ತವರಲ್ಲಿ ಎಲ್ಲಾ ಬಾಯ್ಬುಟ್ಟಿದ್ದೀಯ."

"ನಾನ್ ಯಾರ್ಗೂ ಏನೂ ಅಂದಿಲ್ಲ."

"ಕೂತ್ಕೊ."

ಅವಳು ಹಿಂದೆ ತಿರುಗಿ ನೋಡಿದಳು. ಒನ್ಸ್ ಮೋರ್ ಕೇಳಿದವರಿಗಾಗಿ ರಘು ಅದೇ ಹಾಡನ್ನು ಮತ್ತೆ ಎತ್ತಿಕೊಂಡಿದ್ದ, ಈ ಸಲ ಇನ್ನೂ ಮನಸ್ಸಿಟ್ಟು, ಕಣ್ಣು ಮುಚ್ಚಿಕೊಂಡು. ಸ್ಕೂಟರ್ ಹೊರಟದ್ದು ಅವನಿಗೆ ಕಾಣಲಿಲ್ಲ.